ಗೋವಾದ ಕೆಂಪು ಗರಸು ನೆಲ: ಜರಡಿಯ ಮೇಲೆ ಉಳಿದದ್ದನ್ನು ಮೊದಲು ಅಳೆಯಿರಿ

ಮಣ್ಣು ಪರೀಕ್ಷೆಯ ವರದಿಯಲ್ಲಿ ಇರುವುದು 2 ಮಿ.ಮೀ. ಕಣ್ಣಿನ ಜರಡಿಯಿಂದ ಕೆಳಗೆ ಉದುರಿದ ಮಣ್ಣಿನ ಲೆಕ್ಕ ಮಾತ್ರ. ಜರಡಿಯ ಮೇಲೆ ಉಳಿದ ಗರಸನ್ನು ಪ್ರಯೋಗಾಲಯದಲ್ಲಿ ಪಕ್ಕಕ್ಕೆ ಸರಿಸುತ್ತಾರೆ. ಪದ್ಧತಿಯೇ ಹಾಗೆ, ಅವರ ತಪ್ಪಲ್ಲ. ಧಾರವಾಡದ ಎರೆ ಹೊಲದಲ್ಲಿ ಇದರಿಂದ ಏನೂ ಕೆಡುವುದಿಲ್ಲ. ಅಲ್ಲಿ ಜರಡಿಯ ಮೇಲೆ ನಿಲ್ಲುವುದು ನಾಲ್ಕಾರು ಸುಣ್ಣದ ಹರಳು. ಗೋವಾದ ಗುಡ್ಡದ ಮೇಲೆ ಅರ್ಧಕ್ಕರ್ಧ ಮಣ್ಣು ಜರಡಿಯ ಮೇಲೆಯೇ ಉಳಿದುಬಿಡುತ್ತದೆ. ಹಾಕಿದ ನೀರು ಎಷ್ಟು ದಿನಕ್ಕೆ ಬರುತ್ತದೆ, ಸುಣ್ಣ ಎಷ್ಟು ಬೇಕು, ಏನು ನಟ್ಟರೆ ಬದುಕುತ್ತದೆ, ಶೌಚದ ಗುಂಡಿಯನ್ನು ಎಲ್ಲಿ ತೋಡಬಾರದು ಎಂಬುದನ್ನೆಲ್ಲ ತೀರ್ಮಾನಿಸುವುದು ವರದಿಯಲ್ಲಿ ಕಾಣದ ಆ ಅರ್ಧವೇ.

ವಾಸ್ಕೋ, ಮಡಗಾಂವ್, ಫೋಂಡಾ, ಮಾಪುಸಾ ಸುತ್ತಮುತ್ತ ನೆಲೆಸಿ ಒಂದು ತುಂಡು ಜಮೀನು ಕೊಳ್ಳಲು ಹೊರಟವರಿಗೆ, ಬೇರೆಯವರ ಗೇರು ತೋಟವನ್ನು ಗುತ್ತಿಗೆಗೆ ಹಿಡಿದವರಿಗೆ ಈ ಲೇಖನ. ಹಾವೇರಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದವರು ಎರೆ ಮತ್ತು ಮಸಾರಿ ನೆಲದ ರೂಢಿಗಳನ್ನು ಜೊತೆಗೇ ತಂದಿರುತ್ತಾರೆ. ಅವುಗಳಲ್ಲಿ ಕೆಲವು ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತವೆ.

ಯಾವ ನೆಲದ ಮಾತು

ಗೋವಾದವರು ನೆಲವನ್ನು ಎತ್ತರದ ಮೇಲೆ ಗುರುತಿಸುತ್ತಾರೆ. ನದಿಯ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಗದ್ದೆ ಖಾಜನ್. ಅದಕ್ಕಿಂತ ಮೇಲಿನ ಮರಳುಮಿಶ್ರಿತ ಗದ್ದೆ ಖೇರ್. ಇನ್ನೂ ಮೇಲೆ ಗುಡ್ಡದ ಬುಡದ ಮೆಟ್ಟಿಲು ಹೊಲಗಳು ಮೊರಡ್. ನೆತ್ತಿಯ ಬಯಲು ಸಡೊ. ವಾಸ್ಕೋದ ಸಡಾ ಎಂಬ ಹೆಸರಿನಲ್ಲಿ ಇರುವುದೂ ಇದೇ ಮಾತು. ಈ ಲೇಖನ ಮೊರಡ್ ಮತ್ತು ಸಡೊ ನೆಲದ್ದು. ವೆರ್ಣಾ, ಪರ್ವರಿ, ಮೋಪಾ ಬಯಲುಗಳನ್ನು ನೋಡಿದವರಿಗೆ ಇದರ ಬಣ್ಣ ಗೊತ್ತು.

ಇದನ್ನು ನಮ್ಮಲ್ಲಿ ಗರಸು ಅನ್ನುವವರಿದ್ದಾರೆ, ಕರಾವಳಿಯವರು ಮುರಕಲ್ಲು, ಚಿರೆಕಲ್ಲು ಅನ್ನುತ್ತಾರೆ, ಪುಸ್ತಕದಲ್ಲಿ ಜಂಬಿಟ್ಟಿಗೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂ ಬಳಿ ಕಂಡ ಇಂಥದೇ ಕಲ್ಲಿಗೆ ಲ್ಯಾಟಿನ್‌ನ ಇಟ್ಟಿಗೆ ಎಂಬ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂದದ್ದು ಸರಿಯಾಗಿಯೇ ಇದೆ. ನೆಲದೊಳಗೆ ತೇವವಿದ್ದಾಗ ಕೊಡಲಿಗೂ ಬರುವ ಈ ಕಲ್ಲು ಗಾಳಿ ಬಿಸಿಲಿಗೆ ಬಂದು ಒಣಗಿದ ಮೇಲೆ ಮತ್ತೆ ನೆನೆಸಿದರೂ ಮೆತ್ತಗಾಗುವುದಿಲ್ಲ. ಬುಲ್ಡೋಜರ್ ಹಾಕಿ ಮೇಲ್ಮಣ್ಣು ಕೆರೆದು ಎರಡು ಬೇಸಿಗೆ ಬಿಟ್ಟ ಜಮೀನು ಸಿಮೆಂಟ್ ಅಂಗಳದಂತಾಗುವುದು ಇದರಿಂದಲೇ.

ಇಲ್ಲಿನ ಗರಸು ಹೊಳೆಯ ಕಲ್ಲಲ್ಲ, ಎಲ್ಲಿಂದಲೋ ಹರಿದು ಬಂದದ್ದಲ್ಲ. ಲಕ್ಷಾಂತರ ವರ್ಷಗಳ ಮಳೆ ಸುಣ್ಣ, ಪೊಟ್ಯಾಶ್, ಸಿಲಿಕಾಗಳನ್ನು ತೊಳೆದುಕೊಂಡು ಹೋಗಿ, ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ನೆನೆದು ಒಣಗಿ, ನೆನೆದು ಒಣಗಿ ಇದ್ದಲ್ಲೇ ಗಂಟುಕಟ್ಟಿದ್ದು. ಒಂದು ಹರಳನ್ನು ಸುತ್ತಿಗೆಯಿಂದ ಒಡೆದರೆ ಒಳಗೆ ಕಪ್ಪು ಕಂದು ಬಣ್ಣ, ಹೊರಗೆ ತುಕ್ಕಿನ ತೊಗಟೆ. ಗಿಡಕ್ಕೆ ಬೇಕಾದ ಏನೂ ಅದರಲ್ಲಿ ಇಲ್ಲ. ನೀರನ್ನೂ ಅದು ಲೆಕ್ಕಕ್ಕೆ ಸಿಗುವಷ್ಟು ಹಿಡಿಯುವುದಿಲ್ಲ.

ಪುಣೆಯಲ್ಲಿ ಕೆಲಸ ಮಾಡಿ ಬಂದವರು ಇದನ್ನು ಅಲ್ಲಿನ ಮುರುಮ್ ಜೊತೆ ಒಂದೇ ಮಾಡಿಬಿಡುತ್ತಾರೆ. ಮುರುಮ್ ಎಂದರೆ ಕಪ್ಪು ಬಸಾಲ್ಟ್ ಬಂಡೆ ಅರ್ಧ ಕರಗಿದ ಹಂತ. ಅದರಲ್ಲಿ ಸುಣ್ಣ, ಮೆಗ್ನೀಸಿಯಂ ಇನ್ನೂ ಇರುತ್ತವೆ, ಹುಳಿ ಇರುವುದಿಲ್ಲ, ಬೇರು ಅದರ ಸಂದಿಯಲ್ಲಿ ನುಗ್ಗುತ್ತದೆ. ಗೋವಾದ ಗರಸು ಕರಗಿ ಕೊನೆ ಮುಟ್ಟಿದ ಹಂತ. ಮುರುಮ್ ಹೊಲದ ಗೊಬ್ಬರದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಮೂರು ಗುಂಡಿ ತೋಡಿ ನೋಡುವುದು

ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಒಳ್ಳೆಯ ಸಮಯ. ಏಪ್ರಿಲ್‌ನಲ್ಲಿ ಒಣಗಿದ ಜೇಡಿಯೂ ಕಲ್ಲಿನಷ್ಟೇ ಗಟ್ಟಿ, ನಿಜವಾದ ಹಾಸುಗಲ್ಲು ಯಾವುದು ಎಂದು ತಿಳಿಯುವುದಿಲ್ಲ. ಜಮೀನಿನ ನೆತ್ತಿಯಲ್ಲಿ ಒಂದು, ಇಳಿಜಾರಿನ ನಡುವೆ ಒಂದು, ಬುಡದಲ್ಲಿ ಒಂದು ಗುಂಡಿ ಬೇಕು. ಅಗಲ 60 ಸೆಂ.ಮೀ., ಆಳ 1 ಮೀಟರ್ ಅಥವಾ ಹಾರೆ ನಿಲ್ಲುವ ತನಕ. ಒಂದೇ ಗುಂಡಿಯಿಂದ ತೀರ್ಮಾನಕ್ಕೆ ಬರಬೇಡಿ. ಈ ನೆಲದಲ್ಲಿ 20 ಮೀಟರ್ ದೂರಕ್ಕೆ ಆಳ ಮೂರು ಪಟ್ಟು ಬದಲಾಗುತ್ತದೆ.

ತೋಡುವಾಗ ಯಾವ ಸಾಧನಕ್ಕೆ ಮಣ್ಣು ಬರುತ್ತಿದೆ ಎಂಬುದನ್ನು ಆಳದ ಜೊತೆ ಬರೆದುಕೊಳ್ಳಿ. ಗುದ್ದಲಿಗೆ ಬರುವ ಪದರದಲ್ಲಿ ಬೇರು ಸಲೀಸಾಗಿ ಇಳಿಯುತ್ತದೆ. ಪಿಕಾಸಿಗೆ ಮಾತ್ರ ಬರುವ ಪದರದಲ್ಲಿ ಗೇರು, ಮಾವಿನಂಥ ಮರದ ಬೇರು ಸಂದಿ ಹುಡುಕಿಕೊಂಡು ಹೋಗುತ್ತದೆ. ಹಾರೆಗೆ ಚೂರು ಚೂರು ಎದ್ದು, ಬಡಿದಾಗ ಟಣ್ ಎನ್ನುವ ಪದರ ಬಂತೆಂದರೆ ಅಲ್ಲಿಗೆ ನಿಮ್ಮ ಮಣ್ಣು ಮುಗಿಯಿತು. ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಹಳೆಯ ಬೇರುಗಳದ್ದು. ಗುಂಡಿಯ ಗೋಡೆಯಲ್ಲಿ ಕೆಳಕ್ಕೆ ಬರುತ್ತಿದ್ದ ಬೇರು ಯಾವ ಆಳದಲ್ಲಿ ಅಡ್ಡ ತಿರುಗಿ ಓಡಿದೆಯೋ ಅದೇ ಬಳಕೆಗೆ ಸಿಗುವ ಆಳ. ಅದು 25 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀರಾ ತೆಳು, 25ರಿಂದ 50 ತೆಳು, 50ರಿಂದ 75 ಪರವಾಗಿಲ್ಲ, 75 ದಾಟಿದರೆ ಈ ನೆಲದ ಮಟ್ಟಿಗೆ ಅದೃಷ್ಟ.

ಗಟ್ಟಿ ಪದರದ ಮೇಲೆ ಬೂದು ಅಥವಾ ಹಳದಿ ಕಲೆಗಳು ಕಂಡರೆ ಮಳೆಗಾಲದಲ್ಲಿ ಅಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ ಎಂದರ್ಥ. ಗರಸು ನೆಲ ಎಂದರೆ ನೀರು ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮೇಲೆ ಬಸಿದದ್ದು ಕೆಳಗೆ ಎಲ್ಲಿ ಹೋಗಿ ಕೂತಿದೆ ಎಂದು ಕೇಳುವವರು ಕಡಿಮೆ.

ಮಾರಾಟಕ್ಕೆ ಇಟ್ಟ ಜಾಗದಲ್ಲಿ ಇನ್ನೊಂದು ಸಂಗತಿ. ಟಿಪ್ಪರಿನಲ್ಲಿ ಕೆಂಪು ಮಣ್ಣು ತಂದು ಅಂಗೈ ದಪ್ಪ ಹರಡಿದರೆ ಹಾಸುಗಲ್ಲೂ ತೋಟದ ಹಾಗೆ ಕಾಣುತ್ತದೆ. ಗುಂಡಿಯ ಗೋಡೆಯಲ್ಲಿ ಬಣ್ಣ ಗೆರೆ ಎಳೆದಂತೆ ಥಟ್ಟನೆ ಬದಲಾಗಿದ್ದರೆ, ಆ ಗೆರೆಯ ಮೇಲೆ ಹಳೆಯ ಬೇರಿಲ್ಲದೆ ಪ್ಲಾಸ್ಟಿಕ್ ಚೂರು ಸಿಕ್ಕರೆ ಅದು ತುಂಬಿಸಿದ ಮಣ್ಣು. ಅಳತೆಯನ್ನು ಗೆರೆಯ ಕೆಳಗಿನಿಂದ ಶುರು ಮಾಡಿ.

ಗರಸಿನ ಪಾಲು ಅಳೆಯುವ ಬಗೆ

ಬೇಕಾದದ್ದು: 2 ಮಿ.ಮೀ. ಕಣ್ಣಿನ ಜಾಲರಿ (ಹಾರ್ಡ್‌ವೇರ್ ಅಂಗಡಿಯಲ್ಲಿ ತುಂಡು ಸಿಗುತ್ತದೆ, ಮರದ ಚೌಕಟ್ಟಿಗೆ ಬಡಿದುಕೊಳ್ಳಿ), ಒಂದು ತಾಡಪಾಲು, ತೆಳು ಪ್ಲಾಸ್ಟಿಕ್ ಹಾಳೆ, ಲೀಟರ್ ಬಾಟಲಿ, 20 ಲೀಟರಿನ ಎರಡು ಬಕೆಟ್.

ಮೇಲಿನ ಕಸ ಸರಿಸಿ 30 ಸೆಂ.ಮೀ. ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಕುಳಿ ತೋಡಿ. ತೆಗೆದ ಮಣ್ಣಿನಲ್ಲಿ ಒಂದು ಹರಳೂ ಆಚೀಚೆ ಹೋಗದಂತೆ ಎಲ್ಲವನ್ನೂ ತಾಡಪಾಲಿನ ಮೇಲೆ ಹಾಕಿ. ಗರಸು ನೆಲದಲ್ಲಿ ಕುಳಿಯ ಅಂಚು ನೇರವಾಗಿ ಬರುವುದಿಲ್ಲ, ಆದ್ದರಿಂದ ಅಳತೆಪಟ್ಟಿಯನ್ನು ನಂಬಬೇಡಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿನವರೆಗೆ ಲೀಟರ್ ಲೆಕ್ಕದಲ್ಲಿ ನೀರು ತುಂಬಿ. 28 ಲೀಟರ್ ಹಿಡಿಯಿತು ಎಂದುಕೊಳ್ಳೋಣ, ಅದೇ ಕುಳಿಯ ನಿಜವಾದ ಗಾತ್ರ.

ಮಣ್ಣನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಜರಡಿಯ ಮೇಲೆ ಹಾಕಿ ನೀರು ಬಿಟ್ಟು ತೊಳೆಯಿರಿ. ಒಣ ಮಣ್ಣನ್ನು ಹಾಗೇ ಜರಡಿ ಹಿಡಿದರೆ ಹೆಂಟೆಗಳೂ ಗರಸಿನ ಲೆಕ್ಕಕ್ಕೆ ಸೇರುತ್ತವೆ. ಕಲ್ಲಿನಿಂದ ಕುಟ್ಟಿದರೆ ನಿಜವಾದ ಗರಸೂ ಪುಡಿಯಾಗುತ್ತದೆ. ಎರಡು ಬೆರಳ ನಡುವೆ ಒತ್ತಿದಾಗ ಒಡೆಯುವುದು ಮಣ್ಣು, ಒಡೆಯದೆ ಉಳಿಯುವುದು ಗರಸು. ಈಗ ಬಕೆಟ್ಟಿಗೆ 5 ಲೀಟರ್ ನೀರು ಹಾಕಿ ಗುರುತು ಮಾಡಿ, ಗರಸು ಸುರಿದು ನೀರು ಎಷ್ಟು ಲೀಟರ್ ಏರಿತು ನೋಡಿ. ಒಂದೇ ಬಕೆಟ್ಟಿಗೆ ಹಿಡಿಯದಿದ್ದರೆ ಎರಡು ಮೂರು ಸಲ ಮಾಡಿ ಕೂಡಿಸಿ. ಹೀಗೆ ಸುರಿಯುವಾಗ ನೀರು ಯಾವಾಗಲೂ ಗರಸಿನ ಮೇಲೆ ನಿಂತಿರಬೇಕು, ಇಲ್ಲದಿದ್ದರೆ ಸಂದಿಯ ಗಾಳಿಯೂ ಅಳತೆಗೆ ಸೇರಿಬಿಡುತ್ತದೆ. ಒಟ್ಟು ಏರಿದ್ದು 12.6 ಲೀಟರ್ ಆದರೆ, ಅದನ್ನು 28ರಿಂದ ಭಾಗಿಸಿದಾಗ ಶೇ. 45.

ತೂಕದಲ್ಲಿ ಅಳೆದರೆ ಸಲೀಸಲ್ಲವೇ ಎನಿಸಬಹುದು. ಕಬ್ಬಿಣದ ಹರಳು ಮಣ್ಣಿಗಿಂತ ಬಹಳ ಭಾರ, ತೂಕದ ಪಾಲು ಗಾತ್ರದ ಪಾಲಿಗಿಂತ ಯಾವಾಗಲೂ ಹೆಚ್ಚು ತೋರಿಸುತ್ತದೆ. ಬೇರು ಮತ್ತು ನೀರಿಗೆ ಬೇಕಿರುವುದು ಜಾಗದ ಲೆಕ್ಕ. ಭೂಸಮೀಕ್ಷೆಯ ವರ್ಗಗಳೂ ಗಾತ್ರದ ಮೇಲೆಯೇ ನಿಂತಿವೆ: ಶೇ. 15ರಿಂದ 35ರವರೆಗೆ ಗರಸು ಮಣ್ಣು, 35ರಿಂದ 60 ಅತಿ ಗರಸು, 60 ದಾಟಿದರೆ ಅದು ಮಣ್ಣು ಬೆರೆತ ಗರಸು ಅನ್ನಬೇಕು. ಅಲ್ಲಿ ಗರಸು ಎಂದರೆ 2 ಮಿ.ಮೀ.ನಿಂದ ಏಳೂವರೆ ಸೆಂ.ಮೀ. ತನಕ, ಅದಕ್ಕಿಂತ ದೊಡ್ಡವು ಕಲ್ಲಿನ ಲೆಕ್ಕ.

ಇದೇ ಅಳತೆಯನ್ನು 30ರಿಂದ 60 ಸೆಂ.ಮೀ. ಆಳದಲ್ಲಿ ಇನ್ನೊಮ್ಮೆ ಮಾಡಿ. ಮೇಲೆ ಶೇ. 30 ಇದ್ದು ಕೆಳಗೆ 65 ಆಗುವುದು ಇಲ್ಲಿ ಸಾಮಾನ್ಯ, ಮೇಲ್ಗಡೆಯ ಅಂಕೆ ಮಾತ್ರ ಹಿಡಿದು ಹೊರಟವರು ಎರಡನೇ ಬೇಸಿಗೆಯಲ್ಲಿ ಸಿಕ್ಕಿಬೀಳುತ್ತಾರೆ.

ನೀರಿನ ಲೆಕ್ಕ

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಫೆಬ್ರವರಿಗೇ ಸಸಿ ಒಣಗುವುದನ್ನು ಕಂಡು ಬಯಲುಸೀಮೆಯವರು ಬೆರಗಾಗುತ್ತಾರೆ. ಲೆಕ್ಕ ಹಾಕಿದರೆ ಬೆರಗೇನೂ ಇಲ್ಲ.

ಇಲ್ಲಿನ ಸಣ್ಣ ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 120 ಮಿ.ಮೀ. ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. 60 ಸೆಂ.ಮೀ. ಆಳವಿದ್ದರೆ 72 ಮಿ.ಮೀ. ಅದರಲ್ಲಿ ಗರಸಿನ ಶೇ. 45 ಕಳೆದರೆ ಉಳಿದದ್ದು 40 ಮಿ.ಮೀ. ಅದರ ಅರ್ಧ ಖರ್ಚಾಗುವಷ್ಟರಲ್ಲಿ ಗಿಡ ಬಳಲುತ್ತದೆ, ಅಂದರೆ ಕೈಗೆ ಸಿಗುವುದು 20 ಮಿ.ಮೀ. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಹೋದರೆ 4 ದಿನ. ಅಷ್ಟೇ ಆಳದ ಎರೆ ಮಣ್ಣಿನಲ್ಲಿ ಹಿಡಿಯುವುದು ಸುಮಾರು 120 ಮಿ.ಮೀ., ಬಳಕೆಗೆ 60, ದಿನ 12. ಹನ್ನೆರಡು ದಿನಕ್ಕೊಮ್ಮೆ ಹೊಟ್ಟೆ ತುಂಬ ನೀರು ಕೊಡುವ ಊರಿನ ಅಭ್ಯಾಸ ಇಲ್ಲಿ ಎರಡು ಕಡೆಯಿಂದ ಕೆಡಿಸುತ್ತದೆ: ಕೊಟ್ಟ ದಿನ ಮೂರರಲ್ಲಿ ಎರಡು ಪಾಲು ನೀರು ಬೇರಿನಿಂದ ಕೆಳಗೆ ಇಳಿದು ಹೋಗುತ್ತದೆ, ಮೇಲೆ ಎಂಟು ದಿನ ಉಪವಾಸ.

ಎಳೆ ಸಸಿಯ ಲೆಕ್ಕವೂ ಹೀಗೇ. 1 ಮೀಟರ್ ಅಡ್ಡಳತೆಯ ಪಾತಿ, 40 ಸೆಂ.ಮೀ. ಬೇರಿನ ಆಳ, ಶೇ. 45 ಗರಸು ಇದ್ದರೆ ಒಂದು ಸಲಕ್ಕೆ ಮಣ್ಣು ಹಿಡಿದು ಕೊಡಬಲ್ಲದ್ದು ಸುಮಾರು 10 ಲೀಟರ್. 40 ಲೀಟರ್ ಸುರಿದರೆ 30 ಲೀಟರ್ ಪಾತಾಳಕ್ಕೆ. ಪಾತಿಗೆ ಒಣ ಎಲೆಯ ದಪ್ಪ ಮುಚ್ಚಿಗೆ ಇದ್ದರೆ ಆ 10 ಲೀಟರ್ ನಾಲ್ಕು ದಿನ ಬರುತ್ತದೆ, ಇಲ್ಲದಿದ್ದರೆ ಎರಡೂವರೆ ದಿನ.

ಬಸಿಯುವ ವೇಗ ನೋಡಲು ಅದೇ 30 ಸೆಂ.ಮೀ. ಕುಳಿಯಿಂದ ಪ್ಲಾಸ್ಟಿಕ್ ತೆಗೆದು ಒಮ್ಮೆ ನೀರು ತುಂಬಿ, ಇಳಿದ ಮೇಲೆ ಎರಡನೇ ಸಲ ತುಂಬಿ ಗಡಿಯಾರ ನೋಡಿ. ಮೊದಲ ಸಲದ ಸಮಯ ಲೆಕ್ಕಕ್ಕಿಲ್ಲ, ಒಣ ಮಣ್ಣು ಹೇಗೂ ಕುಡಿಯುತ್ತದೆ. ಎರಡನೇ ಸಲವೂ ಕಾಲು ಗಂಟೆಯೊಳಗೆ ಖಾಲಿಯಾದರೆ ಶೌಚದ ನೀರು ಇಂಗಿಸಲು ಆ ಜಾಗ ಅಪಾಯಕಾರಿ. ಮರುದಿನವೂ ನೀರು ನಿಂತಿದ್ದರೆ ಕೆಳಗೆ ಹಾಸುಗಲ್ಲಿದೆ. ಅಲ್ಲಿ ತೋಡಿದ ನೆಡುಗುಣಿ ಮಳೆಗಾಲದಲ್ಲಿ ಬಾನಿಯಾಗುತ್ತದೆ.

ವರದಿಯನ್ನು ತಿದ್ದಿ ಓದುವುದು

ಮಾದರಿ ತೆಗೆಯುವುದು ಎಲ್ಲ ಕಡೆಯಂತೆಯೇ: ಎಂಟು ಹತ್ತು ಜಾಗದ ಮಣ್ಣು ಕೂಡಿಸಿ, ನಾಲ್ಕು ಪಾಲು ಮಾಡಿ ಇಳಿಸುತ್ತ ಅರ್ಧ ಕಿಲೋ ಮಾಡಿ, ತಾಲೂಕಿನ ವಲಯ ಕೃಷಿ ಕಚೇರಿಗೆ ಕೊಡಿ. ಹಳೆ ಗೋವಾ ಮತ್ತು ಮಡಗಾಂವ್‌ನ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಸಲಹೆ ಸಿಗುತ್ತದೆ. ಮರ ನೆಡುವುದಾದರೆ 30ರಿಂದ 60 ಸೆಂ.ಮೀ. ಆಳದ ಮಾದರಿಯನ್ನು ಬೇರೆ ಚೀಲದಲ್ಲಿ ಕೊಡಿ.

ರಸಸಾರ (ಮಣ್ಣಿನ ಹುಳಿಯ ಅಳತೆ, pH) ಸಾಮಾನ್ಯವಾಗಿ 5ರಿಂದ 6ರ ನಡುವೆ ಬರುತ್ತದೆ. ಎಕರೆ, ಹೆಕ್ಟೇರ್ ಲೆಕ್ಕದಲ್ಲಿ ಕೊಟ್ಟ ಶಿಫಾರಸುಗಳೆಲ್ಲ ಗರಸಿಲ್ಲದ ಮಣ್ಣನ್ನು ಎಣಿಸಿ ಮಾಡಿದವು. ಹೆಕ್ಟೇರಿಗೆ 2 ಟನ್ ಸುಣ್ಣ ಎಂದಿದ್ದರೆ, ಶೇ. 45 ಗರಸಿನ ನೆಲದಲ್ಲಿ ಸುಣ್ಣ ಸೇರಬೇಕಾದ ಮಣ್ಣು 55 ಪಾಲು ಮಾತ್ರ, ಹಾಕಬೇಕಾದದ್ದು 1.1 ಟನ್. ಪೂರ್ತಿ 2 ಟನ್ ಹಾಕಿದರೆ ಆ ಸಣ್ಣ ಮಣ್ಣಿಗೆ ಸುಣ್ಣ ಅತಿಯಾಗಿ ಸತು ಸಿಗದೆ ಎಳೆ ಎಲೆ ಬಿಳಿಚುತ್ತದೆ. ರೋಗ ಎಂದು ಔಷಧಿ ಹೊಡೆಯುವವರಿದ್ದಾರೆ.

ಮರಕ್ಕೆ ಇಷ್ಟು ಗ್ರಾಂ ಎಂದು ಕೊಟ್ಟ ಪ್ರಮಾಣವನ್ನು ಮಾತ್ರ ಹೀಗೆ ಕಡಿತ ಮಾಡಬೇಡಿ. ಅದು ಮರದ ಹಸಿವಿನ ಲೆಕ್ಕ, ಮಣ್ಣಿನದಲ್ಲ. ಬೆಳೆದ ಗೇರು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, ತಲಾ 125 ಗ್ರಾಂ ರಂಜಕ ಮತ್ತು ಪೊಟ್ಯಾಶ್ ಎಂಬುದು ರೂಢಿಯ ಶಿಫಾರಸು. ಯೂರಿಯಾ ಸುಮಾರು 1.1 ಕಿಲೋ, ಶಿಲಾರಂಜಕ (ರಾಕ್ ಫಾಸ್ಫೇಟ್) 750 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಶ್ 200 ಗ್ರಾಂ ಆಗುತ್ತದೆ. ಮೊದಲ ವರ್ಷ ಇದರ ಐದನೇ ಒಂದು ಪಾಲು, ಪ್ರತಿ ವರ್ಷ ಅಷ್ಟಷ್ಟೇ ಏರಿಸಿ ಐದನೇ ವರ್ಷಕ್ಕೆ ಪೂರ್ತಿ. ಈ ನೆಲ ಗೊಬ್ಬರ ಹಿಡಿದಿಟ್ಟುಕೊಳ್ಳುವುದಿಲ್ಲ, ಜುಲೈ ಮಳೆಗೆ ಹಾಕಿದ ಯೂರಿಯಾ ತೋಡಿನ ಪಾಲು. ಹದವಾದ ತೇವವಿರುವಾಗ ಮಳೆಯ ಮೊದಲು ಒಂದು ಪಾಲು, ಜೋರು ಮಳೆ ಇಳಿದ ಮೇಲೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪಾಲು ಕೊಡಿ. ರಂಜಕದ ಕಥೆ ಬೇರೆ: ಅದು ತೊಳೆದು ಹೋಗುವುದಿಲ್ಲ, ಕಬ್ಬಿಣ ಅದನ್ನು ಕಚ್ಚಿ ಹಿಡಿಯುತ್ತದೆ. ಸೂಪರ್ ಫಾಸ್ಫೇಟ್ ಹರಡಿ ಕಳೆದುಕೊಳ್ಳುವ ಬದಲು ಈ ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುವ ಶಿಲಾರಂಜಕವನ್ನು ಗೊಬ್ಬರದ ಜೊತೆ ಬೆರೆಸಿ ಬೇರಿನ ಹತ್ತಿರ ಕೊಡುವುದು ಜಾಣತನ.

ಎಲ್ಲಿ ಏನು, ಎಲ್ಲಿ ಏನೂ ಬೇಡ

ಇಳಿಜಾರು ಅಳೆಯಲು ಗೌಂಡಿಗಳ ಟ್ಯೂಬ್ ಲೆವೆಲ್ ಸಾಕು. 10 ಮೀಟರ್ ದೂರಕ್ಕೆ 1.2 ಮೀಟರ್ ಇಳಿದಿದ್ದರೆ ಶೇ. 12. ಆಳ, ಗರಸಿನ ಪಾಲು, ಇಳಿಜಾರು ಈ ಮೂರರಲ್ಲಿ ಅತಿ ಕೆಟ್ಟದ್ದು ಯಾವುದೋ ಅದೇ ಜಮೀನಿನ ದರ್ಜೆ. ಭೂ ಸಾಮರ್ಥ್ಯದ ಎಂಟು ದರ್ಜೆಗಳಲ್ಲಿ (ಒಂದು ಅತಿ ಒಳ್ಳೆಯದು, ಎಂಟು ಅತಿ ಕೆಟ್ಟದ್ದು) ಇಂಥ ನೆಲ ಸಾಮಾನ್ಯವಾಗಿ ನಾಲ್ಕರಿಂದ ಏಳರ ನಡುವೆ ಬೀಳುತ್ತದೆ.

ಶೇ. 3ಕ್ಕಿಂತ ಕಡಿಮೆ ಇಳಿಜಾರು, ಗರಸು 35ರ ಒಳಗೆ, ಆಳ 30 ಸೆಂ.ಮೀ. ಮೇಲೆ ಇದ್ದರೆ ಮಳೆಗಾಲದ ತರಕಾರಿ ಬರುತ್ತದೆ. ಗೋವಾದವರು ಏಳು ಏಣಿನ ಉದ್ದ ಬೆಂಡೆ, ಹೀರೆ, ಸೌತೆಗಳನ್ನು ಮಳೆ ನೀರಿನಲ್ಲೇ ಬೆಳೆದು ಮುಗಿಸುತ್ತಾರೆ. ಮೂಲಂಗಿ, ಗಜ್ಜರಿ ಬೇಡ, ಗರಸು ತಾಗಿ ಕವಲೊಡೆಯುತ್ತವೆ. ಶೇಂಗಾದ ಸೂಜಿ ಇಳಿಯುವುದಿಲ್ಲ, ಕೀಳುವಾಗ ಅರ್ಧ ಕಾಯಿ ನೆಲದಲ್ಲೇ. ಪವರ್ ಟಿಲ್ಲರ್ ಬ್ಲೇಡು ಬೇಗ ಸವೆಯುತ್ತದೆ. ಭತ್ತದ ಆಸೆಯನ್ನಂತೂ ಬಿಟ್ಟುಬಿಡಿ. ನೀರು ನಿಲ್ಲದ ಕಡೆ ಬದು ಕಟ್ಟಿದರೂ ಬದುವಿನ ಕೂಲಿಯೇ ನಷ್ಟ.

ಶೇ. 3ರಿಂದ 15ರವರೆಗೆ, ಆಳ 50 ದಾಟಿದ್ದರೆ ಗೇರು, ಮಾವು, ಕೋಕಂ. 15ರಿಂದ 25ರವರೆಗೆ ಗೇರು ಮಾತ್ರ, ಅದೂ ಗಿಡಕ್ಕೊಂದು ಅರ್ಧಚಂದ್ರ ಒಡ್ಡು ಮಾಡಿ, ನಡುವಿನ ಹುಲ್ಲು ಪೊದೆ ಕೀಳದೆ. ಅಡಿಕೆ, ಬಾಳೆ, ಮೆಣಸಿನ ಕುಳಾಗರ್ ನೋಡಿ ಮನಸೋತು ಸಡೊ ಮೇಲೆ ಅದನ್ನೇ ಮಾಡಲು ಹೊರಡಬೇಡಿ. ಕುಳಾಗರ್ ಇರುವುದು ಗುಡ್ಡದ ಬುಡದ ತಂಪಿನಲ್ಲಿ, ಮೇಲಿನಿಂದ ಬಸಿದು ಬಂದ ನೀರಿನ ಮೇಲೆ.

ಶೇ. 25 ದಾಟಿದ ಇಳಿಜಾರು ಮತ್ತು ಮಣ್ಣೇ ಇಲ್ಲದ ಹಾಸುಗಲ್ಲು ಹಾಗೇ ಇರಲಿ. ಗೋವಾ ಪ್ರಾದೇಶಿಕ ಯೋಜನೆ 2021 ಶೇ. 25ಕ್ಕಿಂತ ಕಡಿದಾದ ಇಳಿಜಾರನ್ನು ಕಟ್ಟಡ ನಿಷಿದ್ಧ ಎಂದೇ ಗುರುತಿಸಿದೆ. ಹಾಸುಗಲ್ಲಿನ ಮೇಲೆ ಆಗಸ್ಟ್‌ನಲ್ಲಿ ಅರಳುವ ಗೇಣುದ್ದದ ಹೂಗಿಡಗಳಿಗೆ ಅಷ್ಟು ತೆಳು ಮಣ್ಣೇ ಸಾಕು, ನಿಮ್ಮ ಸಸಿಗೆ ಸಾಲದು.

ಕಲ್ಲು ಆರಿಸುವ ವಿಚಾರದಲ್ಲಿ ಒಂದು ಎಚ್ಚರಿಕೆ. ಹೊಲ ಚೊಕ್ಕ ಮಾಡುವ ಹುರುಪಿನಲ್ಲಿ ಮೇಲಿನ ಗರಸನ್ನೆಲ್ಲ ಗುಡಿಸಿ ತೆಗೆದರೆ ಜುಲೈನ ಹನಿಗಳು ನೇರ ಸಣ್ಣ ಮಣ್ಣಿಗೆ ಬೀಳುತ್ತವೆ. ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಎಂದರೆ 4 ಲಕ್ಷ ಲೀಟರ್ ನೀರು. ಆ ನೀರಿನ ಜೊತೆ ಹೋಗುವುದು ಉಳಿದ ಅರ್ಧದಲ್ಲಿನ ಒಳ್ಳೆಯ ಮಣ್ಣು. ಕಾಲಿಗೆ ಎಡವುವ ಕಲ್ಲು ಮಾತ್ರ ತೆಗೆದು, ಅಡ್ಡ ಸಾಲಾಗಿ ಇಳಿಜಾರಿಗೆ ಎದುರು ಜೋಡಿಸಿ.

ಗುಣಿ, ಸಸಿ, ಮೊದಲ ಎರಡು ಬೇಸಿಗೆ

ಗೇರಿಗೆ ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 8 ಮೀಟರ್; ಎಕರೆಗೆ ಸುಮಾರು 63 ಗಿಡ. ಮೆತ್ತಗಿನ ನೆಲದಲ್ಲಿ 60 ಸೆಂ.ಮೀ. ಘನದ ಗುಣಿ ಸಾಕು, ಗಟ್ಟಿ ಗರಸಿನಲ್ಲಿ 1 ಮೀಟರ್ ಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ತೋಡಿ ಬಿಸಿಲಿಗೆ ಬಿಡುವುದು ಎಲ್ಲರಿಗೂ ಗೊತ್ತಿರುವ ಮಾತು. ಇಲ್ಲಿ ಅದನ್ನು ಅಳತೆಯಲ್ಲಿ ಮಾಡಿ: ಎರಡು ಮೂರು ವಾರ ಸಾಕು, ಗೋಡೆ ಪೂರ್ತಿ ಒಣಗಿ ಇಟ್ಟಿಗೆಯಾದರೆ ಬೇರು ಗುಣಿಯೊಳಗೇ ಸುತ್ತುತ್ತದೆ.

ತೋಡಿದ ಗುಣಿಯಲ್ಲಿ ಎರಡು ಬಕೆಟ್ ನೀರು ಸುರಿದು ಮರುದಿನ ನೋಡಿ. ನೀರು ನಿಂತಿದ್ದರೆ ಇಳಿಜಾರಿನ ಕೆಳಬದಿಯ ಗೋಡೆಯಲ್ಲಿ ತಳಮಟ್ಟದವರೆಗೆ ಅಂಗೈ ಅಗಲದ ಸೀಳು ಕಾಲುವೆ ಕೊರೆದು ಹೊರಗೆ ಬಿಡಬೇಕು, ಅದರಲ್ಲಿ ಗರಸು ತುಂಬಬೇಕು. ಬ್ರೇಕರಿನಿಂದ ಹಾಸುಗಲ್ಲು ಒಡೆದು ಮಾಡಿದ ಗುಣಿಯಲ್ಲಿ ಇದನ್ನು ಬಿಟ್ಟರೆ ಸಸಿ ಜುಲೈ ತಿಂಗಳಲ್ಲಿ ಬೇರು ಕೊಳೆತು ಸಾಯುತ್ತದೆ. ಎಲೆ ಬಾಡಿದ್ದು ಕಂಡು ನೀರು ಸಾಲದು ಎಂದುಕೊಳ್ಳುವವರೂ ಇದ್ದಾರೆ.

ತುಂಬುವಾಗ ಅಗೆದ ಮಣ್ಣನ್ನು 1 ಸೆಂ.ಮೀ. ಕಣ್ಣಿನ ಜಾಲರಿಯ ಮೇಲೆ ಹಾಯಿಸಿ, ದಪ್ಪ ಗರಸು ಬೇರೆ ಇಡಿ. ಕೆಳಗೆ ಬಿದ್ದ ಮಣ್ಣಿಗೆ ಸುತ್ತಲಿನ ಮೇಲ್ಮಣ್ಣು, 10ರಿಂದ 15 ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, 200 ಗ್ರಾಂ ಶಿಲಾರಂಜಕ ಬೆರೆಸಿ. ಗುಣಿಗೆ ಸುಣ್ಣ ಹಾಕುವುದಾದರೆ ಲೆಕ್ಕ ಹೀಗೆ: ಹೆಕ್ಟೇರಿಗೆ 2 ಟನ್ ಎಂಬ ಶಿಫಾರಸು 15 ಸೆಂ.ಮೀ. ಆಳದ ಮಣ್ಣಿಗೆ, ಅಂದರೆ ಒಂದು ಘನಮೀಟರಿಗೆ 1.3 ಕಿಲೋ. ಗರಸು ಇದ್ದ ಹಾಗೇ ತುಂಬಿದರೆ 700 ಗ್ರಾಂ ಸಾಕು, ಗರಸು ತೆಗೆದ ಮಣ್ಣನ್ನೇ ತುಂಬಿದರೆ ಪೂರ್ತಿ ಬೇಕು. ಮಣ್ಣು ನೆಲಮಟ್ಟಕ್ಕಿಂತ ಗೇಣು ಎತ್ತರ ಇರಲಿ, ಮೊದಲ ಮಳೆಗೆ ಕುಸಿದು ಸಮವಾಗುತ್ತದೆ.

ವೆಂಗುರ್ಲಾ-4, ವೆಂಗುರ್ಲಾ-7 ಎಂಬ ಗೇರು ತಳಿಗಳ ಕಸಿಗಳು ಈ ಕರಾವಳಿಗೆ ಒಗ್ಗಿದವು. ಜೂನ್ ಮಳೆ ಹಿಡಿದ ಮೇಲೆ ನೆಡಿ. ಕಸಿಯ ಗಂಟು ಮಣ್ಣಿಗಿಂತ ನಾಲ್ಕು ಬೆರಳು ಮೇಲಿರಬೇಕು, ಗಂಟಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿರಬೇಕು, ಗಾಳಿಗೆ ಒಂದು ಊರುಗೋಲು ಬೇಕು. ಇಳಿಜಾರಿನ ಕೆಳಬದಿಗೆ ಗಿಡದಿಂದ 2 ಮೀಟರ್ ದೂರದಲ್ಲಿ ಅರ್ಧಚಂದ್ರಾಕಾರದ ಒಡ್ಡು, ಎತ್ತರ ಅರ್ಧ ಮೀಟರ್. ಬೇರೆ ಇಟ್ಟ ದಪ್ಪ ಗರಸನ್ನು ಒಡ್ಡಿನ ಹೊರಮೈಗೆ ಹೊದಿಸಿ, ಮಳೆಗೆ ಕರಗುವುದಿಲ್ಲ. ಅಕ್ಟೋಬರ್ ಬಂದ ಕೂಡಲೇ, ಮಣ್ಣಿನಲ್ಲಿ ಇನ್ನೂ ತೇವವಿರುವಾಗಲೇ ಎಲೆಯ ಮುಚ್ಚಿಗೆ ಹಾಕಿ. ಡಿಸೆಂಬರ್‌ನಲ್ಲಿ ಹಾಕಿದರೆ ಒಣ ಮಣ್ಣಿಗೆ ಕಂಬಳಿ ಹೊದಿಸಿದ ಹಾಗೆ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ, ಈ ನೆಲದಲ್ಲಿ ಗೆದ್ದಲು ಧಾರಾಳ.

ತೆಂಗು ನೆಡಲೇಬೇಕೆಂದಿದ್ದರೆ 1.2 ಮೀಟರ್ ಘನದ ಗುಣಿ ಬೇಕು. ನೆಡುವ ಆರು ತಿಂಗಳು ಮೊದಲು ತಳಕ್ಕೆ 2 ಕಿಲೋ ಕಲ್ಲುಪ್ಪು ಹಾಕುವುದು ಜಂಬಿಟ್ಟಿಗೆ ನೆಲಕ್ಕೆಂದೇ ಇರುವ ಶಿಫಾರಸು, ಗಟ್ಟಿ ಪದರ ಸಡಿಲಾಗುತ್ತದೆ. ತಳದಲ್ಲಿ ತೆಂಗಿನ ಸಿಪ್ಪೆಯನ್ನು ಒಳಗಿನ ತಗ್ಗು ಬದಿ ಮೇಲಾಗಿ ಎರಡು ಪದರ ಜೋಡಿಸಿ, ತೇವ ಹಿಡಿಯುತ್ತದೆ. ಇಷ್ಟಾದರೂ ಬೇಸಿಗೆ ನೀರಿಲ್ಲದ ಸಡೊ ಮೇಲೆ ತೆಂಗು ಬದುಕಿರುತ್ತದೆ, ಕಾಯಿ ಬಿಡುವುದಿಲ್ಲ.

ಮನೆ, ಬಾವಿ, ಶೌಚದ ಗುಂಡಿ

ಮನೆಯ ಅಡಿಪಾಯಕ್ಕೆ ಗಟ್ಟಿ ಜಂಬಿಟ್ಟಿಗೆ ಪದರ ಒಳ್ಳೆಯದೇ. ತೊಂದರೆ ಇರುವುದು ಅದರ ಕೆಳಗೆ. ಕೆಂಪು ಪದರ ಮುಗಿದ ಮೇಲೆ ಬಿಳಿ, ಗುಲಾಬಿ, ಹಳದಿ ಬಣ್ಣದ ನುಣುಪು ಮಣ್ಣು ಬರುತ್ತದೆ, ಕರಾವಳಿಯವರು ಶೇಡಿ ಮಣ್ಣು ಅನ್ನುವುದು ಅದನ್ನೇ. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಜೆಸಿಬಿ ತಂದು ಗುಡ್ಡ ಕಡಿದು ಮಟ್ಟ ಮಾಡುವವರು ಮೇ ತಿಂಗಳಲ್ಲಿ ಇದನ್ನು ನೋಡಿ ಗಟ್ಟಿಯಿದೆ ಎಂದು ನಂಬುತ್ತಾರೆ. ಗುಡ್ಡ ಕಡಿಯಲು ಗೋವಾದ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 17ಎ ಕಲಮಿನಡಿ ಲಿಖಿತ ಅನುಮತಿ ಬೇಕು. ಚಿರೆಕಲ್ಲು ಕೊಯ್ದು ಮಾರಲು ಗಣಿ ಇಲಾಖೆಯ ಪರವಾನಗಿ ಬೇರೆ. ಕೊಳ್ಳುವ ಮೊದಲು ಫಾರ್ಮ್ 1 ಮತ್ತು 14ರ (ನಮ್ಮ ಪಹಣಿಯಂಥ ದಾಖಲೆ) ಜೊತೆ, ಜಾಗ ಯಾವ ಬಳಕೆಗೆ ಗುರುತಾಗಿದೆ ಎಂದು ಹೇಳುವ ವಲಯ ಪ್ರಮಾಣಪತ್ರವನ್ನೂ ತೆಗೆಸಿ ನೋಡಿ.

ಶೌಚದ ಇಂಗುಗುಂಡಿ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕು ಎಂಬುದು ಸಾಮಾನ್ಯ ಮಣ್ಣಿನ ನಿಯಮ. ಜಂಬಿಟ್ಟಿಗೆಯೊಳಗೆ ಬೆರಳು ಹೋಗುವಷ್ಟು ಕೊಳವೆಗಳಿರುತ್ತವೆ, ಕೊಳೆನೀರು ಸೋಸದೆಯೇ ಅವುಗಳಲ್ಲಿ ಓಡುತ್ತದೆ. ಎರಡನೇ ಸಲದ ನೀರು ಕಾಲು ಗಂಟೆಯಲ್ಲಿ ಇಳಿದಿದ್ದ ಕಡೆ 18 ಮೀಟರನ್ನು ನೆಚ್ಚಬೇಡಿ. ಗುಂಡಿ ಬಾವಿಗಿಂತ ಇಳಿಜಾರಿನ ಕೆಳಬದಿಯಲ್ಲೇ ಇರಲಿ, ತಳಕ್ಕೂ ಬದಿಗೂ ಅರ್ಧ ಮೀಟರ್ ದಪ್ಪ ಮರಳು ತುಂಬಿಸಿ, ಜಾಗ ಚಿಕ್ಕದಾದರೆ ಇಂಗಿಸುವ ಯೋಚನೆಯನ್ನೇ ಬಿಟ್ಟು ಮುಚ್ಚಿದ ಟ್ಯಾಂಕಿ ಕಟ್ಟಿ. ಇದೇ ಕಾರಣಕ್ಕೆ ಕೃಷಿಹೊಂಡವೂ ಇಲ್ಲಿ ಬರಿ ಮಣ್ಣಿನಲ್ಲಿ ನಿಲ್ಲುವುದಿಲ್ಲ. 500 ಮೈಕ್ರಾನ್ ಹಾಳೆ ಹಾಸಬೇಕು, ಹಾಸುವ ಮೊದಲು ಗರಸಿನ ಮೊನೆ ಚುಚ್ಚದಂತೆ ಜರಡಿ ಹಿಡಿದ ಮಣ್ಣನ್ನು ನಾಲ್ಕು ಬೆರಳು ಮೆತ್ತಬೇಕು.

ಅನುಮತಿ ಪಡೆದು ಕಡಿದ ಬದಿಗೆ ತಡೆಗೋಡೆ ಕಟ್ಟುವಾಗ ಗೋಡೆಗಿಂತ ಮುಖ್ಯ ಅದರ ಹಿಂದಿನ ನೀರಿನ ದಾರಿ. ಒಂದೊಂದು ಮೀಟರಿಗೆ ಮೂರು ಇಂಚಿನ ಪೈಪು ಹೊರಕ್ಕೆ ಸ್ವಲ್ಪ ಇಳುಕಲಾಗಿ ಇಡಿ. ಗೋಡೆಗೂ ಮಣ್ಣಿಗೂ ನಡುವೆ ಒಂದು ಅಡಿ ಅಗಲಕ್ಕೆ ಬುಡದಿಂದ ಮೇಲಿನವರೆಗೆ ಗರಸು ತುಂಬಿ. ಇದಕ್ಕೆ ಜಲ್ಲಿ ಕೊಳ್ಳಬೇಕಿಲ್ಲ. ಗುಣಿ ತೋಡುವಾಗ ಜಾಲರಿಯ ಮೇಲೆ ಉಳಿದದ್ದೇ ಸಾಕು. ಆದರೆ ತೊಳೆದು ಹಾಕಿ: ಅಂಟಿಕೊಂಡ ಜೇಡಿ ಮೊದಲ ಮಳೆಗೇ ಪೈಪಿನ ಬಾಯಿ ಕಟ್ಟುತ್ತದೆ.